ಐದು ಕೋಟಿ ಬಿಲ್ಲುಗಳ ಹಿಂದಿನ ಹೆಸರುಗಳು

ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನೀವೂ ನೋಡಿರುತ್ತೀರಿ. ಉದ್ದನೆಯ ರಟ್ಟಿನ ಪುಸ್ತಕ. ಎಡಕ್ಕೆ ಹೆಸರು, ನಡುವೆ ಸಾಮಾನು, ಬಲಕ್ಕೆ ಮೊತ್ತ. ಒಂದು ಪುಟ ಓದಿದರೆ ಸಾಕು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಬೀಡಿ ಬಿಟ್ಟೆ ಎಂದು ಹೆಂಡತಿಗೆ ಆಣೆ ಮಾಡಿದವರು ನಿಜಕ್ಕೂ ಬಿಟ್ಟಿದ್ದಾರೋ ಇಲ್ಲವೋ, ಎಲ್ಲ ಗೊತ್ತಾಗುತ್ತದೆ. ಅದಕ್ಕೇ ಅಂಗಡಿಯವರು ಆ ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಇಡುತ್ತಾರೆ. ನಿಮ್ಮ ಬಾಕಿ ನಿಮಗೆ ಓದಿ ಹೇಳುತ್ತಾರೆ, ಪಕ್ಕದ ಮನೆಯವರ ಪುಟ ತೋರಿಸುವುದಿಲ್ಲ.

2025ರ ಜುಲೈನಲ್ಲಿ ನಮ್ಮ ರಾಜ್ಯದ ಬೇಕರಿ, ಟೀ ಅಂಗಡಿ, ತರಕಾರಿ ಗಾಡಿಗಳ ಮುಂದೆ ಒಂದು ರಟ್ಟಿನ ಬೋರ್ಡ್ ನೇತಾಡತೊಡಗಿತು: ಯುಪಿಐ ಇಲ್ಲ, ನಗದು ಮಾತ್ರ. ವಾಣಿಜ್ಯ ತೆರಿಗೆ ಇಲಾಖೆ ಫೋನ್ ಪಾವತಿಯ ಲೆಕ್ಕ ತರಿಸಿಕೊಂಡು, ವರ್ಷಕ್ಕೆ ಇಂತಿಷ್ಟು ಹಣ ಬಂದಿದೆ, ಜಿಎಸ್‌ಟಿ ಏಕೆ ಕಟ್ಟಿಲ್ಲ ಎಂದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಆ ವಾರ ಸಂತೆಯಲ್ಲಿ ನಾವು ಸುತ್ತಾಡಿದಾಗ ಹೆಚ್ಚಿನವರು ತೆರಿಗೆಯ ಮಾತೇ ಆಡಿದರು. ಒಬ್ಬ ಅಂಗಡಿಯವರು ಮಾತ್ರ ಬೇರೆ ಪ್ರಶ್ನೆ ಕೇಳಿದರು. "ನಂಗೆ ಎಷ್ಟು ಬಂತು ಅಂತ ಅವರಿಗೆ ಗೊತ್ತಾಯ್ತು, ಸರಿ. ಯಾರು ಕೊಟ್ರು, ಏನಕ್ಕೆ ಕೊಟ್ರು ಅನ್ನೋದೂ ಗೊತ್ತಾಗ್ತದಾ?"

ನಮ್ಮಲ್ಲಿ ಯಾರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ಹುಡುಕುತ್ತಾ ಹೋದಾಗ, ಇದೇ ಪ್ರಶ್ನೆ ಹದಿನೈದು ವರ್ಷ ಹಿಂದೆ ಅಮೆರಿಕದ ಒಂದು ಕೋರ್ಟಿನಲ್ಲಿ ಎದ್ದದ್ದು ಸಿಕ್ಕಿತು. ಅಲ್ಲಿ ಅಂಗಡಿ ದೊಡ್ಡದು, ಉದ್ರಿ ಪುಸ್ತಕ ಇನ್ನೂ ದೊಡ್ಡದು. ಅದರಲ್ಲಿ ಹತ್ತಿರ ಹತ್ತಿರ ಐದು ಕೋಟಿ ಸಾಲುಗಳಿದ್ದವು.

ಕಥೆ ನಾರ್ತ್ ಕೆರೊಲಿನಾ ರಾಜ್ಯದ್ದು. ಅಲ್ಲಿಗೆ ಹೋಗುವ ಮುನ್ನ ಅಮೆರಿಕದ ಮಾರಾಟ ತೆರಿಗೆಯ ಒಂದು ತೊಡಕು ಅರ್ಥವಾಗಬೇಕು. ಅಲ್ಲಿ ಮಾರಾಟ ತೆರಿಗೆ ರಾಜ್ಯಗಳದ್ದು. ನಿಮ್ಮೂರ ಅಂಗಡಿಯಲ್ಲಿ ಪುಸ್ತಕ ಕೊಂಡರೆ ಅಂಗಡಿಯವರು ತೆರಿಗೆ ಸೇರಿಸಿ ದುಡ್ಡು ಪಡೆದು ರಾಜ್ಯಕ್ಕೆ ಕಟ್ಟುತ್ತಾರೆ. ಬೇರೆ ರಾಜ್ಯದಿಂದ ಅಂಚೆಯಲ್ಲಿ ತರಿಸಿದರೆ? ಮಾರುವವರಿಗೆ ನಮ್ಮ ರಾಜ್ಯದಲ್ಲಿ ಕಟ್ಟಡ, ನೌಕರರು ಏನೂ ಇಲ್ಲದಿದ್ದರೆ ಅವರಿಂದ ತೆರಿಗೆ ಸಂಗ್ರಹಿಸುವಂತೆ ಒತ್ತಾಯಿಸುವ ಹಾಗಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತ್ತು, 1992ರಲ್ಲಿ ಮತ್ತೆ ಹೇಳಿತು. ಹಾಗೆಂದು ತೆರಿಗೆ ಮಾಫಿಯಲ್ಲ. ಕೊಂಡವರೇ ಲೆಕ್ಕ ಇಟ್ಟುಕೊಂಡು, ವರ್ಷದ ಕೊನೆಗೆ ತಮ್ಮ ರಾಜ್ಯಕ್ಕೆ ತಾವೇ ಕಟ್ಟಬೇಕು. ಎಷ್ಟು ಜನ ಕಟ್ಟುತ್ತಿದ್ದರು ಎಂದು ನಾವು ಹೇಳಬೇಕಾಗಿಲ್ಲ, ಊಹಿಸಿಕೊಳ್ಳಿ.

ಅಂಚೆಯಲ್ಲಿ ಅಂಗಿ ತರಿಸುವ ಕಾಲದಲ್ಲಿ ಇದು ದೊಡ್ಡ ತೂತಾಗಿರಲಿಲ್ಲ. ಅಮೆಜಾನ್ ಬಂದ ಮೇಲೆ ಆ ತೂತು ಹೆಬ್ಬಾಗಿಲಾಯಿತು. ಬೀದಿಯ ಪುಸ್ತಕದಂಗಡಿ ತೆರಿಗೆ ಸೇರಿಸಿ ಮಾರಬೇಕು, ಅಮೆಜಾನ್ ಸೇರಿಸದೆ ಮಾರಬಹುದು. ಗಿರಾಕಿ ಅಂಗಡಿಗೆ ಬಂದು ಪುಸ್ತಕ ತಿರುವಿ ನೋಡಿ, ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತರಿಸಿಕೊಳ್ಳುತ್ತಿದ್ದ. 2009ರಲ್ಲಿ ನಾರ್ತ್ ಕೆರೊಲಿನಾ ಒಂದು ಉಪಾಯ ಹೂಡಿತು. ಆ ರಾಜ್ಯದಲ್ಲಿ ಕೂತು ತಮ್ಮ ವೆಬ್‌ಸೈಟಿನಿಂದ ಅಮೆಜಾನಿಗೆ ಗಿರಾಕಿ ಕಳಿಸಿ ಕಮಿಷನ್ ಪಡೆಯುವವರಿದ್ದರು. ಅವರಿದ್ದಾರೆಂದರೆ ಕಂಪನಿ ಇಲ್ಲಿ ಇದ್ದಂತೆಯೇ ಎಂದು ಕಾನೂನು ತಂದಿತು. ಅಮೆಜಾನ್ ಏನು ಮಾಡಿತು ಗೊತ್ತೇ? ಆ ರಾಜ್ಯದ ಕಮಿಷನ್‌ದಾರರನ್ನೆಲ್ಲ ಕೈಬಿಟ್ಟಿತು. ಮುಂದೆ ಇದೇ ಕಂಪನಿ ಗಿರಾಕಿಗಳ ಖಾಸಗಿತನದ ಪರವಾಗಿ ಮಾತಾಡುವುದನ್ನು ಕೇಳುವಾಗ ಇದನ್ನು ಮರೆಯದಿರೋಣ. ತೆರಿಗೆ ಸಂಗ್ರಹಿಸದೆ ಇರುವುದು ಅದಕ್ಕೆ ಲಾಭವೇ ಆಗಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ರಾಜ್ಯದ ಕಂದಾಯ ಇಲಾಖೆ ಅಮೆಜಾನಿನ ಲೆಕ್ಕ ತಪಾಸಣೆಗೆಂದು ಕಾಗದ ಕಳಿಸಿತು. 2003ರ ಆಗಸ್ಟ್ 1ರಿಂದ 2010ರ ಫೆಬ್ರುವರಿ 28ರವರೆಗೆ ನಾರ್ತ್ ಕೆರೊಲಿನಾದ ವಿಳಾಸಗಳಿಗೆ ಹೋದ ಎಲ್ಲ ಮಾರಾಟದ ಎಲ್ಲ ಮಾಹಿತಿ ಕೊಡಿ. 'ಎಲ್ಲ' ಎಂಬ ಮಾತು ಎರಡು ಸಲ ಇದ್ದದ್ದೇ ಮುಂದಿನ ರಾದ್ಧಾಂತಕ್ಕೆ ಬೀಜ.

ಅಮೆಜಾನ್ ಅರ್ಧ ಕೊಟ್ಟಿತು. ಸುಮಾರು ಐದು ಕೋಟಿ ಖರೀದಿಗಳ ಪಟ್ಟಿ. ಪ್ರತಿ ಸಾಲಿನಲ್ಲೂ ಆರ್ಡರ್ ಸಂಖ್ಯೆ, ಯಾವ ಊರು, ಯಾವ ಪಿನ್‌ಕೋಡ್, ಎಷ್ಟು ಬೆಲೆ, ಜೊತೆಗೆ ವಸ್ತುವಿನ ಸಂಕೇತ ಸಂಖ್ಯೆ. ಆ ಸಂಕೇತವನ್ನು ಅಮೆಜಾನಿನ ಪುಟದಲ್ಲಿ ಹಾಕಿ ನೋಡಿದರೆ ಅದು ಯಾವ ಪುಸ್ತಕ, ಯಾವ ಸಿನಿಮಾ, ಯಾವ ಹಾಡಿನ ಡಿಸ್ಕ್ ಎಂದು ಯಾರಿಗಾದರೂ ತಿಳಿಯುತ್ತದೆ. ಕೊಡದೆ ಉಳಿಸಿಕೊಂಡದ್ದು ಕೊಂಡವರ ಹೆಸರು, ಮನೆ ವಿಳಾಸ, ಫೋನು. ಉದ್ರಿ ಪುಸ್ತಕದ ನಡುವಿನ ಮತ್ತು ಬಲಗಡೆಯ ಕಾಲಂ ಕೊಟ್ಟು, ಎಡಗಡೆಯದನ್ನು ಮಡಚಿಟ್ಟಂತೆ.

2010ರ ಮಾರ್ಚ್‌ನಲ್ಲಿ ಇಲಾಖೆ ಮತ್ತೆ ಬರೆಯಿತು. ಬಿಲ್ ಯಾರ ಹೆಸರಿಗೆ, ಸಾಮಾನು ಯಾರ ಹೆಸರಿಗೆ, ವಿಳಾಸ ಯಾವುದು, ಅದನ್ನೂ ಕೊಡಿ. ಕೊಡದಿದ್ದರೆ ಸಮನ್ಸ್. ಏಪ್ರಿಲ್ 19ರಂದು ಅಮೆಜಾನ್ ತನ್ನ ಕೇಂದ್ರ ಕಚೇರಿ ಇರುವ ಸಿಯಾಟಲ್‌ನ ಫೆಡರಲ್ ಕೋರ್ಟಿಗೆ ಹೋಯಿತು.

ಇಲಾಖೆಯ ವಾದವನ್ನೂ ಕೇಳಬೇಕು. ಅದು ಸುಳ್ಳು ವಾದವಲ್ಲ. ಕೊಂಡವರಲ್ಲಿ ಕೆಲವರಿಗೆ ತೆರಿಗೆ ವಿನಾಯಿತಿ ಇರಬಹುದು, ಯಾರು ಎಂದು ತಿಳಿಯದೆ ಎಷ್ಟು ತೆರಿಗೆ ಎಂದು ಹೇಳುವುದು ಹೇಗೆ? ಬೀದಿಯ ಅಂಗಡಿಯವನು ಕಟ್ಟುವ ತೆರಿಗೆಯಿಂದ ಶಾಲೆ, ರಸ್ತೆ ನಡೆಯಬೇಕು, ದೊಡ್ಡ ಕಂಪನಿ ಮಾತ್ರ ಹೊರಗೆ ನಿಲ್ಲುವುದು ನ್ಯಾಯವೇ? ನಮ್ಮಲ್ಲಿ ಕೆಲವರ ಮನೆಯಲ್ಲೂ ಅಂಗಡಿ ಇದೆ. ಈ ಪ್ರಶ್ನೆ ಓದುವಾಗ ನಾವು ಇಲಾಖೆಯ ಕಡೆಗೇ ವಾಲಿದ್ದೆವು ಎಂದು ಒಪ್ಪಿಕೊಳ್ಳುತ್ತೇವೆ.

ಆಮೇಲೆ ಕೋರ್ಟಿಗೆ ಇನ್ನೊಂದು ಗುಂಪು ಬಂತು. ಕಂಪನಿಯಲ್ಲ, ಗಿರಾಕಿಗಳು. ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಅವರ ಪರವಾಗಿ ನಿಂತಿತು. ಹೆಸರು ಹೇಳಿದರೆ ಬಂದ ಉದ್ದೇಶವೇ ಕೆಟ್ಟುಹೋಗುತ್ತದೆಂದು ಹೆಚ್ಚಿನವರು ಅನಾಮಿಕರಾಗಿ ಬಂದರು. ಅಲ್ಲಿನ ಕೋರ್ಟುಗಳಲ್ಲಿ ಹೆಸರು ಮುಚ್ಚಿಟ್ಟ ಹೆಂಗಸಿಗೆ 'ಜೇನ್ ಡೋ' ಎನ್ನುತ್ತಾರೆ. ಅವರಲ್ಲಿ ಒಬ್ಬಾಕೆ ಗಂಡನಿಂದ ಬೇರೆಯಾಗುವುದು ಹೇಗೆ, ಅವನು ಹತ್ತಿರ ಬರದಂತೆ ಕೋರ್ಟಿನಿಂದ ಆದೇಶ ತರುವುದು ಹೇಗೆ ಎಂಬ ಪುಸ್ತಕಗಳನ್ನು ತರಿಸಿಕೊಂಡಿದ್ದರು. ಅವನು ಕೊಲ್ಲುವ ಬೆದರಿಕೆ ಹಾಕಿದ್ದ.

ಆಕೆಯ ಜಾಗದಲ್ಲಿ ನಿಂತು ಯೋಚಿಸಿ. ಊರಿನ ಪುಸ್ತಕದಂಗಡಿಗೆ ಹೋದರೆ ಯಾರಾದರೂ ನೋಡುತ್ತಾರೆ. ಗ್ರಂಥಾಲಯದಲ್ಲಿ ಕೇಳಿದರೆ ಗ್ರಂಥಪಾಲಕರಿಗೆ ಗೊತ್ತಾಗುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ಮುಚ್ಚಿದ ಡಬ್ಬಿಯಲ್ಲಿ ಬರುತ್ತದೆ. ಆ ಡಬ್ಬಿ ಆಕೆಗೆ ಜೀವ ಉಳಿಸುವ ಸಾಧನ. ಈಗ ರಾಜ್ಯದ ಕಚೇರಿಯೊಂದರ ಕಂಪ್ಯೂಟರಿನಲ್ಲಿ ಆಕೆಯ ಹೆಸರಿನ ಎದುರು ಆ ಪುಸ್ತಕದ ಹೆಸರು ಕೂರುತ್ತದೆ. ಆ ಕಚೇರಿಯಲ್ಲಿ ಗಂಡನ ಕಡೆಯವರು ಯಾರಾದರೂ ಕೆಲಸಕ್ಕಿದ್ದರೆ? ಮನೆಯವರ ಮಾನಸಿಕ ಕಾಯಿಲೆಯ ಬಗ್ಗೆ ತಿಳಿಯಲು ಪುಸ್ತಕ ತರಿಸಿದವರೂ ಆ ಗುಂಪಿನಲ್ಲಿದ್ದರು. ಒಂದು ದೊಡ್ಡ ಕಂಪನಿಯಲ್ಲಿ ವಕೀಲೆಯಾಗಿದ್ದು, ರಾಜಕೀಯ ಪುಸ್ತಕ ಕೊಂಡಿದ್ದವರೂ ಇದ್ದರು. ಯಾರೂ ತಪ್ಪು ಮಾಡಿದವರಲ್ಲ. ತೆರಿಗೆ ಕೊಡುವುದಿಲ್ಲ ಎಂದೂ ಅವರು ಹೇಳಲಿಲ್ಲ.

ಇಂಥ ಪ್ರಶ್ನೆ ಎದುರಾದದ್ದು ಅದೇ ಮೊದಲಲ್ಲ. ಮೂರು ವರ್ಷ ಹಿಂದೆ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಬ್ಬ ಹಳೆ ಪುಸ್ತಕದ ವ್ಯಾಪಾರಿಯ ಮೇಲೆ ತೆರಿಗೆ ವಂಚನೆಯ ತನಿಖೆ ನಡೆದಿತ್ತು. ಆತ ಅಮೆಜಾನ್ ಮೂಲಕ ಸಾವಿರಾರು ಜನರಿಗೆ ಪುಸ್ತಕ ಮಾರಿದ್ದ. ತನಿಖೆಯವರು ಮೊದಲು ಅಷ್ಟೂ ಗಿರಾಕಿಗಳ ಹೆಸರು ಕೇಳಿದರು. ಅಮೆಜಾನ್ ಒಪ್ಪಲಿಲ್ಲ. ಆಗ ವರ್ಷಕ್ಕೆ 30ರಂತೆ ನಾಲ್ಕು ವರ್ಷಕ್ಕೆ 120 ಹೆಸರು ಸಾಕು, ಸಾಕ್ಷಿ ಹೇಳಿಸಬೇಕು ಎಂದರು. ಮ್ಯಾಜಿಸ್ಟ್ರೇಟ್ ಸ್ಟೀಫನ್ ಕ್ರಾಕರ್ ಒಂದು ನಡುದಾರಿ ಹುಡುಕಿದರು. ಹೆಸರನ್ನು ಸರ್ಕಾರಕ್ಕೆ ಕೊಡುವುದು ಬೇಡ, ಗಿರಾಕಿಗಳಿಗೆ ಕಾಗದ ಹೋಗಲಿ, ಮಾತಾಡಲು ಇಷ್ಟವಿದ್ದವರು ತಾವಾಗಿಯೇ ಮುಂದೆ ಬರಲಿ. ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲಿ ಕೂತ ಹಿರಿಯರು ಕೊಡುವಂಥ ತೀರ್ಮಾನ ಅದು. ಕೊನೆಗೆ ತನಿಖೆಯವರಿಗೆ ಬೇಕಾದ ಹೆಸರುಗಳು ಆರೋಪಿಯ ಕಂಪ್ಯೂಟರಿನಲ್ಲೇ ಸಿಕ್ಕವು, ಅಮೆಜಾನಿನ ಬಾಗಿಲು ಬಡಿಯುವ ಅಗತ್ಯವೇ ಬೀಳಲಿಲ್ಲ. ಬೇಕಾದ್ದು ಪಕ್ಕದ ದಾರಿಯಲ್ಲಿ ಸಿಗುವಾಗಲೂ ಮೊದಲು ದೊಡ್ಡ ಬಲೆ ಬೀಸುವುದು ಎಲ್ಲ ದೇಶದ ಕಚೇರಿಗಳ ಅಭ್ಯಾಸ ಇರಬೇಕು.

ಅದಕ್ಕೂ ಹಿಂದೆ ಕೊಲರಾಡೊದಲ್ಲಿ ಇನ್ನೊಂದು ನಡೆದಿತ್ತು. ಅದು ತೆರಿಗೆಯ ಪ್ರಕರಣವಲ್ಲ, ಆದರೂ ಹೇಳದೆ ಬಿಡಲು ಮನಸ್ಸಿಲ್ಲ. 2000ದಲ್ಲಿ ಪೊಲೀಸರು ಮಾದಕ ವಸ್ತು ತಯಾರಿಸುತ್ತಿದ್ದ ಮನೆಯೊಂದರ ಮೇಲೆ ದಾಳಿ ಮಾಡಿದಾಗ, ಅದನ್ನು ತಯಾರಿಸುವ ವಿಧಾನದ ಎರಡು ಪುಸ್ತಕ ಸಿಕ್ಕವು. ಜೊತೆಗೆ ಡೆನ್ವರ್ ನಗರದ ಟ್ಯಾಟರ್ಡ್ ಕವರ್ ಎಂಬ ಪುಸ್ತಕದಂಗಡಿಯ ಒಂದು ಖಾಲಿ ಲಕೋಟೆ ಸಿಕ್ಕಿತು. ಆ ಲಕೋಟೆಯಲ್ಲಿ ಯಾವ ಪುಸ್ತಕ, ಯಾರಿಗೆ ಹೋಯಿತು ಹೇಳಿ ಎಂದು ಪೊಲೀಸರು ಬಂದರು. ಅಂಗಡಿಯ ಒಡತಿ ಜಾಯ್ಸ್ ಮೆಸ್ಕಿಸ್ ಒಪ್ಪಲಿಲ್ಲ. ಎರಡು ವರ್ಷ ಕೋರ್ಟಿಗೆ ಅಲೆದರು. 2002ರಲ್ಲಿ ಕೊಲರಾಡೊ ಸುಪ್ರೀಂ ಕೋರ್ಟ್ ಅಂಗಡಿಯ ಪರವಾಗಿ ತೀರ್ಪು ಕೊಟ್ಟಿತು. ಲಕೋಟೆಯಲ್ಲಿ ಇದ್ದದ್ದು ಏನೆಂದು ಆಮೇಲೆ ತಿಳಿಯಿತು. ಜಪಾನಿ ಅಕ್ಷರ ಕಲಿಯುವ ಪುಸ್ತಕ.

ಸಿಯಾಟಲ್‌ಗೆ ಮರಳೋಣ. ಪುಸ್ತಕಕ್ಕಾದರೆ ಸಂವಿಧಾನದ ಮಾತಿನ ಸ್ವಾತಂತ್ರ್ಯ ಕಾವಲಿಗಿತ್ತು. ಓದುವ ಸ್ವಾತಂತ್ರ್ಯವೂ ಅದರಲ್ಲೇ ಸೇರಿದೆ, ಯಾರೋ ನೋಡುತ್ತಿದ್ದಾರೆ ಎಂದರೆ ಜನ ಓದುವುದನ್ನೇ ಬಿಡುತ್ತಾರೆ ಎಂಬುದು ವಾದ. ಸಿನಿಮಾಗೆ ಬೇರೊಂದು ಕಾಯ್ದೆಯೇ ಇತ್ತು, ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1987ರಲ್ಲಿ ಅಧ್ಯಕ್ಷ ರೇಗನ್ ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರನ್ನು ಸುಪ್ರೀಂ ಕೋರ್ಟಿಗೆ ಸೂಚಿಸಿದರು. ಸಂವಿಧಾನದಲ್ಲಿ ಖಾಸಗಿತನ ಎಂಬ ಸಾಮಾನ್ಯ ಹಕ್ಕೇ ಇಲ್ಲ ಎಂದು ವಾದಿಸುತ್ತಿದ್ದವರು ಅವರು. ವಾಷಿಂಗ್ಟನ್‌ನ ಒಂದು ಪತ್ರಿಕೆಯವರು ಅವರ ಮನೆಯ ಹತ್ತಿರದ ವಿಡಿಯೊ ಕ್ಯಾಸೆಟ್ ಅಂಗಡಿಗೆ ಹೋಗಿ, ಆ ಮನೆಯವರು ಬಾಡಿಗೆಗೆ ಒಯ್ದ 146 ಕ್ಯಾಸೆಟ್‌ಗಳ ಪಟ್ಟಿ ಪಡೆದು ಅಚ್ಚು ಹಾಕಿದರು. ಪಟ್ಟಿಯಲ್ಲಿ ಮುಜುಗರದ್ದೇನೂ ಇರಲಿಲ್ಲ. ಆದರೆ ಸಂಸತ್ ಸದಸ್ಯರಿಗೆಲ್ಲ ತಾವು ಒಯ್ದ ಕ್ಯಾಸೆಟ್ ನೆನಪಾಗಿರಬೇಕು. ಮರುವರ್ಷವೇ, 1988ರಲ್ಲಿ, ಗಿರಾಕಿ ಯಾವ ವಿಡಿಯೊ ಒಯ್ದ ಎಂದು ಅಂಗಡಿಯವರು ಹೇಳಬಾರದು ಎಂಬ ಕಾಯ್ದೆ ಬಂತು.

2010ರ ಅಕ್ಟೋಬರ್ 25ರಂದು ನ್ಯಾಯಾಧೀಶೆ ಮಾರ್ಷಾ ಪೆಕ್‌ಮನ್ ತೀರ್ಪು ಕೊಟ್ಟರು. ಅಮೆಜಾನ್ ಗೆದ್ದಿತು ಎಂದು ಸುದ್ದಿಯಾಯಿತು. ತೀರ್ಪನ್ನು ನಿಧಾನವಾಗಿ ಓದಿದರೆ ಅಷ್ಟು ಸರಳವಿಲ್ಲ, ಅದಕ್ಕೇ ಅದು ನಮಗೆ ಇಷ್ಟವಾದದ್ದು.

ತೆರಿಗೆ ಲೆಕ್ಕ ಹಾಕಲು ಪುಸ್ತಕದ ಹೆಸರು ಬೇಡ ಎಂದು ಇಲಾಖೆಯೇ ಕೋರ್ಟಿನಲ್ಲಿ ಒಪ್ಪಿಕೊಂಡಿತ್ತು. ಆದರೂ ಆ ಪಟ್ಟಿಯನ್ನು ಇಟ್ಟುಕೊಂಡೇ ಹೆಸರುಗಳನ್ನೂ ಕೇಳುತ್ತಿತ್ತು. ಎರಡೂ ಒಂದೇ ಕೈಗೆ ಸೇರಿದರೆ ಯಾರು ಏನು ಓದಿದರು ಎಂಬುದು ಸರ್ಕಾರದ ಕಡತವಾಗುತ್ತದೆ. ಆದ್ದರಿಂದ, ಯಾವ ವಸ್ತು ಎಂಬ ವಿವರ ಇಲಾಖೆಯ ಕೈಯಲ್ಲಿ ಇರುವವರೆಗೆ ಹೆಸರು, ವಿಳಾಸ ಕೇಳುವುದು ಸಂವಿಧಾನಕ್ಕೂ ವಿಡಿಯೊ ಕಾಯ್ದೆಗೂ ವಿರುದ್ಧ ಎಂದು ಅವರು ಹೇಳಿದರು. ಹೆಸರು ಕೇಳಲೇಬಾರದು ಎನ್ನಲಿಲ್ಲ. ತೆರಿಗೆ ಹಾಕಬಾರದು ಎನ್ನಲಿಲ್ಲ. ವಿವರ ಕೈಬಿಟ್ಟು ಹೊಸದಾಗಿ ಕೇಳುವ ದಾರಿ ಇಲಾಖೆಗೆ ತೆರೆದೇ ಇತ್ತು. ಉದ್ರಿ ಪುಸ್ತಕದ ಎಡಗಡೆ ಕಾಲಂ ನೋಡಿ, ಬಲಗಡೆಯದನ್ನೂ ನೋಡಿ, ನಡುವಿನದನ್ನು ಮುಚ್ಚಿ. 2011ರ ಫೆಬ್ರುವರಿಯಲ್ಲಿ ಇಲಾಖೆ ಗಿರಾಕಿಗಳ ಜೊತೆ ರಾಜಿ ಮಾಡಿಕೊಂಡು, ಏನು ಕೊಂಡರು ಎಂಬ ವಿವರ ಕೇಳುವುದಿಲ್ಲ ಎಂದು ಒಪ್ಪಿತು.

ಈ ತೀರ್ಪಿನಲ್ಲಿ ಒಂದು ಕೊರತೆಯೂ ನಮಗೆ ಕಾಣುತ್ತದೆ. ಕಾವಲಿಗೆ ನಿಂತದ್ದು ಮಾತಿನ ಸ್ವಾತಂತ್ರ್ಯ ಮತ್ತು ವಿಡಿಯೊ ಕಾಯ್ದೆ. ಹಾಗಾಗಿ ರಕ್ಷಣೆ ಸಿಕ್ಕಿದ್ದು ಪುಸ್ತಕ, ಸಿನಿಮಾ, ಸಂಗೀತಕ್ಕೆ. ಔಷಧಿ? ಒಳಉಡುಪು? ಬಾಣಂತಿಯ ಸಾಮಾನು? ಗರ್ಭ ಪರೀಕ್ಷೆಯ ಕಿಟ್ ತರಿಸಿಕೊಂಡ ಹುಡುಗಿಗೆ ಪುಸ್ತಕ ತರಿಸಿದವಳಷ್ಟು ಗಟ್ಟಿ ಬೇಲಿ ಇರಲಿಲ್ಲ. ಅಂಗಡಿಯವರ ಕೈಗೆ ನೀವಾಗಿಯೇ ಕೊಟ್ಟ ಮಾಹಿತಿ ನಿಮ್ಮದಲ್ಲ ಎಂಬ ಹಳೆಯ ವಾದ ಅಮೆರಿಕದಲ್ಲಿ ಬಲವಾಗಿತ್ತು. ಅದೂ ಒಂದು ತೆರಿಗೆ ಪ್ರಕರಣದಿಂದಲೇ ಬೇರು ಬಿಟ್ಟದ್ದು. ಜಾರ್ಜಿಯಾ ರಾಜ್ಯದಲ್ಲಿ ತೆರಿಗೆ ಕಟ್ಟದೆ ಕಳ್ಳಭಟ್ಟಿ ನಡೆಸಿದ ಆರೋಪ ಹೊತ್ತವನೊಬ್ಬನ ಬ್ಯಾಂಕ್ ದಾಖಲೆಗಳನ್ನು ತನಿಖೆಯವರು ಬ್ಯಾಂಕಿನಿಂದಲೇ ಪಡೆದರು. 1976ರಲ್ಲಿ ಸುಪ್ರೀಂ ಕೋರ್ಟ್, ಚೆಕ್ಕು ಬ್ಯಾಂಕಿಗೆ ಕೊಟ್ಟ ಮೇಲೆ ಅದು ಬ್ಯಾಂಕಿನ ಕಾಗದ, ನಿನ್ನ ಗುಟ್ಟಲ್ಲ ಎಂದಿತು. ಮಿಲ್ಲರ್ ಪ್ರಕರಣ ಎಂದು ಅದಕ್ಕೆ ಹೆಸರು.

ಇಲ್ಲಿ ನಮ್ಮ ನಾಡಿನ ಕಥೆಯೊಂದು ಬಂದು ಸೇರುತ್ತದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಕೆನರಾ ಬ್ಯಾಂಕು ನಿಮಗೆ ಗೊತ್ತು. ನಿಮ್ಮ ಪಾಸ್‌ಬುಕ್ಕೂ ಅಲ್ಲೇ ಇರಬಹುದು. ಆಂಧ್ರಪ್ರದೇಶ ಸರ್ಕಾರ 1986ರಲ್ಲಿ ಸ್ಟಾಂಪ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಸ್ಟಾಂಪ್ ಸುಂಕ ಕಡಿಮೆ ಕಟ್ಟಿರಬಹುದು ಎಂಬ ಅನುಮಾನ ಬಂದರೆ ಕಲೆಕ್ಟರ್ ಅಥವಾ ಅವರು ಕಳಿಸಿದ ಯಾರೇ ಆಗಲಿ ಬ್ಯಾಂಕಿಗೆ ನುಗ್ಗಿ, ಗಿರಾಕಿಗಳು ಸಾಲಕ್ಕೆಂದು ಇಟ್ಟ ಪತ್ರಗಳನ್ನು ತೆಗೆದು ನೋಡಬಹುದು, ಒಯ್ಯಲೂಬಹುದು. ಪ್ರಕರಣ ಕೆನರಾ ಬ್ಯಾಂಕಿನ ಹೆಸರಿನಲ್ಲಿ ಸುಪ್ರೀಂ ಕೋರ್ಟ್ ತಲುಪಿತು. 2004ರ ನವೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಮತ್ತು ನ್ಯಾಯಮೂರ್ತಿ ಅಶೋಕ್ ಭಾನ್ ಅವರ ಪೀಠ ಆ ತಿದ್ದುಪಡಿ ನಿಲ್ಲುವುದಿಲ್ಲ ಎಂದಿತು.

ಆ ತೀರ್ಪು ಅಮೆರಿಕದ ಮಿಲ್ಲರ್ ಪ್ರಕರಣವನ್ನು ಎತ್ತಿಕೊಂಡು, ಅದರ ದಾರಿ ನಮಗೆ ಬೇಡ ಎನ್ನುತ್ತದೆ. ಖಾಸಗಿತನ ಜಾಗಕ್ಕೆ ಅಂಟಿಕೊಂಡದ್ದಲ್ಲ, ಮನುಷ್ಯನಿಗೆ ಅಂಟಿಕೊಂಡದ್ದು. ನಂಬಿಕೆಯಿಂದ ಬ್ಯಾಂಕಿಗೆ ಕೊಟ್ಟ ಕಾಗದ ಬ್ಯಾಂಕಿನ ಕಪಾಟಿನಲ್ಲಿದ್ದರೂ ಅದರ ಗುಟ್ಟು ಕೊಟ್ಟವನದೇ. ಸರ್ಕಾರ ನೋಡಲೇಬಾರದು ಎಂದಲ್ಲ. ಕಾರಣ ಇರಬೇಕು, ಯಾರು ನೋಡಬಹುದು ಎಂಬುದಕ್ಕೆ ನಿಯಮ ಇರಬೇಕು, ಕಂಡಕಂಡವರನ್ನು ಕಳಿಸುವ ಹಾಗಿಲ್ಲ. ಅಮೆರಿಕದ ಕೋರ್ಟು ಪುಸ್ತಕವನ್ನು ಕಾಯಿತು, ನಮ್ಮ ಕೋರ್ಟು ಮನುಷ್ಯನನ್ನು ಕಾಯಿತು ಎಂದರೆ ಸ್ವಲ್ಪ ಜಂಬದ ಮಾತಾದೀತು. ಆದರೆ ಬೀಡಿ, ಬಾಣಂತಿ ಸಾಮಾನು ಎಲ್ಲವೂ ಒಳಗೆ ಸೇರುವುದು ಈ ದಾರಿಯಲ್ಲೇ. ಮುಂದೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಕೂತು ಖಾಸಗಿತನ ಮೂಲಭೂತ ಹಕ್ಕು ಎಂದಾಗ ಈ ತೀರ್ಪೂ ಅವರ ಮುಂದಿತ್ತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ತೊಂಬತ್ತು ದಾಟಿದ ವಯಸ್ಸು.

ಅಮೆರಿಕದ ತೆರಿಗೆಯ ತೂತು ಮುಚ್ಚಿದ್ದು ಹೇಗೆ ಎಂದರೆ, ಹೆಸರು ಹಿಡಿದು ಒಬ್ಬೊಬ್ಬರ ಮನೆಗೆ ಹೋಗಿ ಅಲ್ಲ. ಕೊಲರಾಡೊ ಒಂದು ದಾರಿ ಹಿಡಿಯಿತು: ತೆರಿಗೆ ಸಂಗ್ರಹಿಸದ ಕಂಪನಿಗಳು ಗಿರಾಕಿಯ ಹೆಸರು ಮತ್ತು ವರ್ಷದ ಒಟ್ಟು ಖರೀದಿ ಮೊತ್ತ ಕೊಡಬೇಕು, ಏನು ಕೊಂಡರೆಂದು ಬೇಡ. ಅದೂ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಿತು. ಈ ನಡುವೆ ಅಮೆಜಾನ್ ಒಂದೊಂದು ರಾಜ್ಯದಲ್ಲೂ ಗೋದಾಮು ಕಟ್ಟತೊಡಗಿತು, ಕಟ್ಟಿದಲ್ಲಿ ತೆರಿಗೆ ಸಂಗ್ರಹಿಸಲೇಬೇಕಾಯಿತು. ನಾರ್ತ್ ಕೆರೊಲಿನಾದಲ್ಲಿ 2014ರ ಫೆಬ್ರುವರಿಯಿಂದ ಅದು ಬಿಲ್ಲಿನಲ್ಲೇ ತೆರಿಗೆ ಹಿಡಿಯುತ್ತಿದೆ. 2018ರ ಜೂನ್ 21ರಂದು ಸೌತ್ ಡಕೋಟಾ ರಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತನ್ನ 1967 ಮತ್ತು 1992ರ ತೀರ್ಪುಗಳನ್ನು 5-4ರಲ್ಲಿ ತಾನೇ ತೆಗೆದುಹಾಕಿತು. ರಾಜ್ಯದಲ್ಲಿ ಕಟ್ಟಡ ಇರಲಿ ಬಿಡಲಿ, ಇಂತಿಷ್ಟು ವ್ಯಾಪಾರ ಮಾಡಿದರೆ ಮಾರುವವರೇ ತೆರಿಗೆ ಹಿಡಿದು ಕಟ್ಟಬೇಕು. ಅಲ್ಲಿಗೆ ಕೊಂಡವರ ಪಟ್ಟಿ ಕೇಳುವ ಅಗತ್ಯವೇ ಹೆಚ್ಚುಕಡಿಮೆ ಬಿದ್ದುಹೋಯಿತು. ಆ ಹೆಂಗಸಿನ ಗುಟ್ಟು ಉಳಿಸಿಕೊಂಡೇ ರಾಜ್ಯ ತನ್ನ ದುಡ್ಡು ಪಡೆಯಬಹುದಾಗಿತ್ತು. ಅದು ಮೊದಲ ದಿನದಿಂದಲೂ ಸಾಧ್ಯವಿದ್ದದ್ದೇ. ಕಂಪನಿ ಒಪ್ಪಿರಲಿಲ್ಲ, ಕಾನೂನು ಒತ್ತಾಯಿಸಿರಲಿಲ್ಲ, ನಡುವೆ ಸಿಕ್ಕಿಕೊಂಡವರು ಗಿರಾಕಿಗಳು.

ನಮ್ಮ ಜಿಎಸ್‌ಟಿ ಈ ವಿಷಯದಲ್ಲಿ ಪಾಠ ಕಲಿತ ಮಕ್ಕಳ ಹಾಗಿದೆ. ಆನ್‌ಲೈನ್ ಮಾರುಕಟ್ಟೆಯವರು ತಮ್ಮಲ್ಲಿ ಮಾರುವವರ ಹಣದಿಂದ ಒಂದು ಪಾಲು, ಈಗ ಅರ್ಧ ಪರ್ಸೆಂಟ್, ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಯಾರ ಮಾರಾಟ ಎಷ್ಟು ಎಂಬ ಲೆಕ್ಕವೂ ಹೋಗುತ್ತದೆ. ಅದು ಮಾರುವವರ ಲೆಕ್ಕ. ಧಾರವಾಡದಿಂದ ರೊಟ್ಟಿ, ಚಟ್ನಿಪುಡಿ ಕಳಿಸುವ ಹೆಣ್ಣುಮಕ್ಕಳ ಮಾರಾಟದ ಮೊತ್ತ ಇಲಾಖೆಗೆ ಕಾಣುತ್ತದೆ. ಕೊಂಡವರು ಜಿಎಸ್‌ಟಿ ನೋಂದಣಿ ಇಲ್ಲದ ನಿಮ್ಮ ನಮ್ಮಂಥವರಾದರೆ, ಸಣ್ಣ ಮೊತ್ತದ ಮಾರಾಟವನ್ನು ರಾಜ್ಯವಾರು ಒಟ್ಟು ಸೇರಿಸಿ ತೋರಿಸಿದರೆ ಸಾಕು. ಅಂಗಡಿಯ ಬಿಲ್ಲಿಗೂ ಹೀಗೆಯೇ: 50,000 ರೂಪಾಯಿ ಒಳಗಿನ ಖರೀದಿಯಾದರೆ ಬಿಲ್ಲಿನಲ್ಲಿ ಗಿರಾಕಿ ಕೇಳದ ಹೊರತು ಹೆಸರು ಬರೆಯಬೇಕಾಗಿಲ್ಲ.

ಹಾಗಾದರೆ ಸಂತೆಯ ಆ ಪ್ರಶ್ನೆಗೆ ಉತ್ತರ? 2025ರ ಜುಲೈನ ನೋಟಿಸುಗಳು ಎತ್ತಿದ್ದು ಎಷ್ಟು ಬಂತು ಎಂಬ ಮಾತನ್ನು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು, ನಿಮಗೆ ದಾಟಿದೆ, ವಿವರಣೆ ಕೊಡಿ. ಅದರಲ್ಲೂ ಎಡವಟ್ಟಾಯಿತು. ಕೇವಲ ಮೊತ್ತ ನೋಡಿದ್ದರಿಂದ, ತೆರಿಗೆಯೇ ಇಲ್ಲದ ಹಾಲು, ತಾಜಾ ತರಕಾರಿ ಮಾರಿದವರಿಗೂ ನೋಟಿಸ್ ಬಂತು. ಅಣ್ಣ ಕಳಿಸಿದ ಹಣ, ಕೈಸಾಲ ವಾಪಸ್ ಬಂದದ್ದು, ಎಲ್ಲವೂ ವ್ಯಾಪಾರದ ಲೆಕ್ಕಕ್ಕೆ ಸೇರಿತು ಎಂದು ವ್ಯಾಪಾರಿಗಳು ದೂರಿದರು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಕೂತು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಕರೆ ಕೊಟ್ಟಿದ್ದ ಬಂದ್ ನಿಂತಿತು.

ಇಲ್ಲೊಂದು ಇಕ್ಕಟ್ಟು ಇದೆ, ನಾವು ಅದನ್ನು ಮುಚ್ಚಿಡುವುದಿಲ್ಲ. ಮೊತ್ತ ಮಾತ್ರ ನೋಡಿದರೆ ತರಕಾರಿಯವರಿಗೂ ತೆರಿಗೆ ನೋಟಿಸ್ ಹೋಗುತ್ತದೆ. ತಪ್ಪಬಾರದೆಂದರೆ ಏನು ಮಾರಿದರು, ಯಾರಿಂದ ಬಂತು ಎಂದು ನೋಡಬೇಕು. ಹಾಗೆ ನೋಡಿದರೆ ಉದ್ರಿ ಪುಸ್ತಕದ ಮೂರೂ ಕಾಲಂ ಇಲಾಖೆಯ ಮೇಜಿನ ಮೇಲೆ. ಸಿಯಾಟಲ್‌ನ ತೀರ್ಪು ನಮ್ಮಲ್ಲಿ ಕಾನೂನಲ್ಲ, ಆದರೆ ದಾರಿ ತೋರಿಸುತ್ತದೆ: ಏನು ಮಾರಿದೆ ಎಂದು ಮಾರಿದವರನ್ನೇ ಕೇಳಿ, ಅವರ ಖರೀದಿ ಚೀಟಿ ನೋಡಿ, ಗಿರಾಕಿಯ ಹೆಸರಿಗೆ ಹೋಗಬೇಡಿ. ಕೊನೆಗೆ ಇಲ್ಲೂ ಆದದ್ದು ಅದೇ. ತರಕಾರಿಯವರು ಎಪಿಎಂಸಿ ಚೀಟಿ ಹಿಡಿದು ಕಚೇರಿಗೆ ಹೋದರು.

ಕಾಯ್ದೆಯ ಮಟ್ಟಿಗೆ ಹೇಳುವುದಾದರೆ, ಜಿಎಸ್‌ಟಿ ಕಾಯ್ದೆಯ 151ನೇ ಕಲಂ ಮಾಹಿತಿ ಕೇಳುವ ಅಧಿಕಾರ ಕೊಡುತ್ತದೆ. 158ನೇ ಕಲಂ ಹಾಗೆ ಪಡೆದದ್ದನ್ನು ಅಧಿಕಾರಿಗಳು ಹೊರಗೆ ಹೇಳದಂತೆ ತಡೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಗಿರಾಕಿಗೆ ಹಕ್ಕು ಕೊಟ್ಟರೂ ಅಪರಾಧ ತನಿಖೆಗೆ ದೊಡ್ಡ ವಿನಾಯಿತಿ ಇಟ್ಟಿದೆ. ನಿಮ್ಮ ಗಿರಾಕಿಗಳ ಪಟ್ಟಿಯನ್ನೇ ಕೊಡಿ ಎಂದು ನಿಮಗೆ ಯಾವಾಗಲಾದರೂ ಕಾಗದ ಬಂದರೆ, ಯಾವ ಕಲಂ, ಯಾವ ವರ್ಷ, ಯಾವ ಕಾರಣ ಎಂದು ಬರಹದಲ್ಲಿ ಕೇಳಿ. ಹಾಗೆ ಕೇಳಿದ್ದಕ್ಕೇ ಅಮೆಜಾನಿನಂಥ ದೈತ್ಯನ ಗಿರಾಕಿಗಳೂ ಉಳಿದದ್ದು, ಒಬ್ಬ ಪುಸ್ತಕದಂಗಡಿಯ ಒಡತಿಯ ಗಿರಾಕಿಯೂ ಉಳಿದದ್ದು.

ಮೊನ್ನೆ ಅದೇ ಸಂತೆಗೆ ಮತ್ತೆ ಹೋಗಿದ್ದೆವು. 'ನಗದು ಮಾತ್ರ' ಬೋರ್ಡ್ ಹೋಗಿ ಕ್ಯೂಆರ್ ಚೀಟಿ ವಾಪಸ್ ಬಂದಿದೆ. ಪ್ರಶ್ನೆ ಕೇಳಿದ್ದ ಅಂಗಡಿಯವರಿಗೆ ಇದಿಷ್ಟನ್ನೂ ಹೇಳಿದೆವು. ಅವರು ಕೇಳುತ್ತಾ ಈರುಳ್ಳಿ ತೂಗುತ್ತಿದ್ದರು. ಅಷ್ಟರಲ್ಲಿ ಪೆಟ್ಟಿಗೆಯ ಮೇಲಿನ ಸೌಂಡ್‌ಬಾಕ್ಸ್ ಇಡೀ ಸಾಲಿಗೆ ಕೇಳುವಂತೆ ಕೂಗಿತು: ನಲವತ್ತು ರೂಪಾಯಿ ಬಂದಿದೆ. ಯಾರಿಂದ ಎಂದು ಅದು ಹೇಳಲಿಲ್ಲ. ಅವರು ಜೇಬಿನಿಂದ ಫೋನ್ ತೆಗೆದು ನೋಡಿದರು, ಅಲ್ಲಿ ಕೊಟ್ಟವರ ಪೂರ್ತಿ ಹೆಸರು ಇತ್ತು. ನಮ್ಮ ಕಡೆ ಒಮ್ಮೆ ನೋಡಿ, ಫೋನನ್ನು ಬೋರಲು ಹಾಕಿ ತಕ್ಕಡಿಯ ಪಕ್ಕ ಇಟ್ಟರು.